ಪುಟ್ಟ ಫ್ಯಾಂಟಸಿ ಗೊಂಬೆಗಳಿಗೆ ಬಣ್ಣ ಹಚ್ಚಿದ ಮೇಲೆ ಮತ್ತೆ ನೀರು ನೀರಾದ ಕಪ್ಪು ಬಣ್ಣ ಯಾಕೆ ಬಳಿಯುತ್ತಾರೆ?

ನೆರಳು ಮೂಡಿಸಲು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟಗಳಲ್ಲಿ ಮೇಜಿನ ಮೇಲಿಡುವ ಯೋಧ, ಮಾಂತ್ರಿಕರ ಗೊಂಬೆಗಳು ಸಾಮಾನ್ಯವಾಗಿ 28ರಿಂದ 32 ಮಿಲಿಮೀಟರ್ ಎತ್ತರ, ಅಷ್ಟೇ. ಬಟ್ಟೆಯ ಮಡಿಕೆಯಲ್ಲಿ ಬೀಳುವ ನಿಜವಾದ ನೆರಳು ಎಷ್ಟು ಸಣ್ಣದೆಂದರೆ, ಸ್ವಲ್ಪ ದೂರದಿಂದ ಕಾಣುವುದೇ ಇಲ್ಲ. ಸುಮ್ನೆ ಒಂದೇ ಬಣ್ಣ ಹಚ್ಚಿಬಿಟ್ಟರೆ ಮುಖ ಬರೀ ಉಂಡೆಯಂತೆ ಕಾಣುತ್ತದೆ.

ಈ ತೆಳು ಬಣ್ಣಕ್ಕೆ 'ವಾಶ್' ಅಂತಾರೆ. ಅದು ಉಬ್ಬಿನ ಮೇಲಿಂದ ಜಾರಿ ತಗ್ಗಿಗೆ ಇಳಿಯುತ್ತದೆ, ಅಲ್ಲೇ ಒಣಗಿ ಗಾಢವಾಗಿ ಉಳಿಯುತ್ತದೆ. ಯೋಧನ ಬೆಳ್ಳಿ ಬಣ್ಣದ ಸರಪಳಿ ಅಂಗಿಯ (ಲೋಹದ ಕೊಂಡಿ ಹೆಣೆದ ಕವಚ) ಮೇಲೆ ಕಪ್ಪು ವಾಶ್ ಬಿಟ್ಟು ನೋಡಿ: ಒಂದೊಂದು ಕೊಂಡಿಯೂ ಬಿಡಿಬಿಡಿಯಾಗಿ ಎದ್ದು ಬರುತ್ತದೆ. ನನಗಂತೂ ಇಡೀ ಕೆಲಸದಲ್ಲಿ ಜಾಸ್ತಿ ಖುಷಿ ಕೊಡುವ ಗಳಿಗೆ ಇದೇ. ಚಪ್ಪಟೆ ಜಾಗದಲ್ಲಿ ಮಾತ್ರ ಹನಿ ನಿಲ್ಲಲು ಬಿಡಬೇಡಿ, ಅಂಚಿನಲ್ಲಿ ಕಲೆ ಕಟ್ಟುತ್ತದೆ. ಹನಿ ಒಣಗುವ ಮೊದಲೇ, ತೊಳೆದು ಒರೆಸಿದ ಬ್ರಶ್ಶಿನ ತುದಿಯಿಂದ ಹೀರಿ ತೆಗೆಯಿರಿ.