ಗ್ರಾಫ್ ಚೆನ್ನಾಗಿದೆ, ನಕ್ಷತ್ರ ಮಾತ್ರ ಉದ್ದ: ಗೈಡಿಂಗ್ ಎಲ್ಲಿ ತಪ್ಪುತ್ತಿದೆ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಹಳ್ಳಿ. 480 ಮಿ.ಮೀ. ಸಂಗಮದೂರದ ದೂರದರ್ಶಕ, ಡಿಎಸ್‌ಎಲ್‌ಆರ್, ಗೈಡಿಂಗ್‌ಗೆ, ಅಂದರೆ ಒಂದು ನಕ್ಷತ್ರದ ಮೇಲೆ ಕಣ್ಣಿಟ್ಟು ದಿಕ್ಕು ಸರಿಪಡಿಸುತ್ತಿರಲು, 200 ಮಿ.ಮೀ. ಗೈಡ್ ಸ್ಕೋಪ್ ಇವೆ. ಗೈಡಿಂಗ್ ತಂತ್ರಾಂಶ ಪಿಎಚ್‌ಡಿ2ರ ಗ್ರಾಫಿನಲ್ಲಿ ಒಟ್ಟು ದೋಷ 0.9 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಗೆ 3600 ಆರ್ಕ್‌ಸೆಕೆಂಡ್). ಆದರೂ 3 ನಿಮಿಷದ ಚಿತ್ರದಲ್ಲಿ ನಕ್ಷತ್ರಗಳು ಅಕ್ಕಿಕಾಳಿನಂತೆ ಬರುತ್ತವೆ. ಉತ್ತರಕ್ಕೆ ಗುಡ್ಡ ಇರುವುದರಿಂದ ಧ್ರುವ ನಕ್ಷತ್ರ ಕಾಣುವುದಿಲ್ಲ. ಪರಿಹಾರವೇನು?

ಉತ್ತರ: ಗ್ರಾಫ್ ಹೇಳುವುದು ಗೈಡ್ ಸ್ಕೋಪ್ ಕಂಡದ್ದನ್ನು ಮಾತ್ರ. ಗೈಡ್ ಸ್ಕೋಪ್ ತನ್ನ ಹಿಡಿಕೆಯಲ್ಲಿ ಕೂದಲೆಳೆಯಷ್ಟು ಬಾಗಿದರೂ ಮೌಂಟ್ (ದೂರದರ್ಶಕವನ್ನು ಹೊತ್ತು ತಿರುಗಿಸುವ ಯಂತ್ರ) ಆ ಬಾಗುವಿಕೆಯನ್ನೇ ಹಿಂಬಾಲಿಸುತ್ತದೆ. ಮುಖ್ಯ ಕ್ಯಾಮೆರಾದಲ್ಲಿ ನಕ್ಷತ್ರ ಜಾರುತ್ತದೆ.

ಮೊದಲು ಪರೀಕ್ಷೆ ಮಾಡಿ. ಡಿದರಿಂಗ್ (ಚಿತ್ರದಿಂದ ಚಿತ್ರಕ್ಕೆ ದೂರದರ್ಶಕವನ್ನು ಬೇಕೆಂದೇ ತುಸು ಸರಿಸುವುದು) ನಿಲ್ಲಿಸಿ 3 ನಿಮಿಷದ 10 ಚಿತ್ರ ತೆಗೆಯಿರಿ. ಮೊದಲ ಮತ್ತು ಕೊನೆಯ ಚಿತ್ರದಲ್ಲಿ ಒಂದೇ ನಕ್ಷತ್ರ ಎಲ್ಲಿದೆ ನೋಡಿ. 20 ಪಿಕ್ಸೆಲ್ ಸರಿದಿದ್ದರೆ ಒಂದೊಂದು ಚಿತ್ರಕ್ಕೆ 2 ಪಿಕ್ಸೆಲ್ ಗೆರೆ ಎಂದಾಯಿತು. 4.3 ಮೈಕ್ರಾನ್ ಪಿಕ್ಸೆಲ್‌ಗೆ ಅದು 3.7 ಆರ್ಕ್‌ಸೆಕೆಂಡ್, ನಿಮ್ಮ ಗ್ರಾಫಿನ ದೋಷಕ್ಕಿಂತ ನಾಲ್ಕು ಪಟ್ಟು. ಚಿತ್ರದ ತುಂಬ ಗೆರೆಗಳು ಒಂದೇ ಉದ್ದ, ಒಂದೇ ದಿಕ್ಕಿನಲ್ಲಿದ್ದರೆ ಬಾಗುವಿಕೆಯೇ ಕಾರಣ. ಒಂದು ಮೂಲೆಯಲ್ಲಿ ಚುಕ್ಕೆ, ಇನ್ನೊಂದರಲ್ಲಿ ಕಮಾನಾಗಿದ್ದರೆ ಧ್ರುವ ಜೋಡಣೆ (ಮೌಂಟ್‌ನ ಅಕ್ಷವನ್ನು ಆಕಾಶದ ಧ್ರುವಕ್ಕೆ ಗುರಿಯಿಡುವುದು) ತಪ್ಪಿದೆ. ನಿಮ್ಮ ವಿವರಣೆ ನೋಡಿದರೆ ನಮಗೆ ಬಾಗುವಿಕೆಯ ಮೇಲೇ ಗುಮಾನಿ.

ಪ್ಲಾಸ್ಟಿಕ್ ತುದಿಯ ಮೂರು ಸ್ಕ್ರೂಗಳ ಫೈಂಡರ್ ಹಿಡಿಕೆಯನ್ನು ಬಿಟ್ಟುಬಿಡಿ. ಗೈಡ್ ಸ್ಕೋಪನ್ನು ಎರಡು ಗಟ್ಟಿ ಲೋಹದ ಉಂಗುರಗಳಲ್ಲಿ, ಆದಷ್ಟು ದೂರದೂರ ಇಟ್ಟು ಬಿಗಿಯಿರಿ. ಮುಖ್ಯ ಫೋಕಸರ್‌ನ ಲಾಕ್ ಸ್ಕ್ರೂ ಮರೆಯಬೇಡಿ. ಡಿಎಸ್‌ಎಲ್‌ಆರ್ ಭಾರಕ್ಕೆ ಅದೂ ಜೋಲುತ್ತದೆ. ಕೇಬಲ್‌ಗಳನ್ನು ಮೌಂಟ್‌ನ ಅಕ್ಷದ ಹತ್ತಿರ ಕಟ್ಟಿ, ತೂಗಾಡಲು ಬಿಡಬೇಡಿ. ಅಂಗಳದ ಮಣ್ಣು ಮೆತ್ತಗಿದ್ದರೆ ಟ್ರೈಪಾಡ್‌ನ ಪ್ರತಿ ಕಾಲಿನಡಿ ಚಪ್ಪಡಿ ಕಲ್ಲಿಡಿ.

ಧ್ರುವ ನಕ್ಷತ್ರ ಕಾಣದಿದ್ದರೆ ಚಿಂತೆಯಿಲ್ಲ. ನಮ್ಮಲ್ಲಿ ಅದು ದಿಗಂತದಿಂದ 14 ಡಿಗ್ರಿ ಆಸುಪಾಸಿನಲ್ಲೇ ಇರುವುದರಿಂದ ಮಲೆನಾಡಿನ ಎಷ್ಟೋ ಮನೆಗಳಿಗೆ ಗುಡ್ಡವೋ ಅಡಿಕೆ ತೋಟವೋ ಅಡ್ಡ. ಧ್ರುವ ಜೋಡಣೆಗೆ, ನಕ್ಷತ್ರ ಜಾರುವ ರೀತಿ ನೋಡಿ ಸರಿಪಡಿಸುವ ಪಿಎಚ್‌ಡಿ2ರ ಡ್ರಿಫ್ಟ್ ಅಲೈನ್ ಬಳಸಿ. ಆಕಾಶದ ವಿಷುವದ್ವೃತ್ತದ (ಭೂಮಿಯ ಸಮಭಾಜಕ ರೇಖೆಯ ನೇರಕ್ಕಿರುವ ವೃತ್ತ) ಬಳಿ, ಉತ್ತರ-ದಕ್ಷಿಣಕ್ಕೆ ಹಾಯುವ ನಡುನೆತ್ತಿಯ ರೇಖೆಯಲ್ಲಿರುವ ನಕ್ಷತ್ರ ಹಿಡಿದು, ಗ್ರಾಫಿನ ಡಿಕ್ಲಿನೇಷನ್ ಗೆರೆ (ಉತ್ತರ-ದಕ್ಷಿಣ ಜಾರುವಿಕೆ ತೋರುವುದು) ಮಟ್ಟವಾಗುವವರೆಗೆ ಅಡ್ಡ ತಿರುಗಿಸುವ ಸ್ಕ್ರೂ ಸರಿಪಡಿಸಿ. ಜನವರಿ ಮಧ್ಯದಲ್ಲಿ ರಾತ್ರಿ 10ರ ಹೊತ್ತಿಗೆ ಮಹಾವ್ಯಾಧನ ನಡುಪಟ್ಟಿ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ಆಮೇಲೆ ಪೂರ್ವಕ್ಕೋ ಪಶ್ಚಿಮಕ್ಕೋ, 30-35 ಡಿಗ್ರಿ ಎತ್ತರದ ನಕ್ಷತ್ರ ಹಿಡಿದು ಎತ್ತರದ ಸ್ಕ್ರೂ. ಎದುರುಬದುರಿನ ಸ್ಕ್ರೂಗಳಲ್ಲಿ ಒಂದನ್ನು ಸಡಿಲಿಸಿಯೇ ಎದುರಿನದನ್ನು ತಿರುಗಿಸಿ, ಇಲ್ಲವಾದರೆ ಬೋಲ್ಟ್ ಬಾಗುತ್ತದೆ. ಜೋಡಣೆಯ ತಪ್ಪು 5 ಆರ್ಕ್‌ಮಿನಿಟಿನೊಳಗೆ (ಒಂದು ಆರ್ಕ್‌ಮಿನಿಟಿಗೆ 60 ಆರ್ಕ್‌ಸೆಕೆಂಡ್) ಬಂದರೆ ಸಾಕು. ಇಷ್ಟು ಕಡಿಮೆ ಅಕ್ಷಾಂಶದಲ್ಲಿ ಕೆಲವು ಮೌಂಟ್‌ಗಳ ಪ್ರತಿಭಾರದ ಸರಳು ಟ್ರೈಪಾಡ್ ಕಾಲಿಗೆ ತಾಗುತ್ತದೆ; ಕತ್ತಲಾಗುವ ಮೊದಲೇ ಪೂರ್ತಿ ತಿರುಗಿಸಿ ನೋಡಿಕೊಳ್ಳಿ.

ಕ್ಯಾಲಿಬ್ರೇಷನ್ (ಮೌಂಟ್ ಯಾವ ಕಡೆ ಎಷ್ಟು ಸರಿಯುತ್ತದೆಂದು ಪಿಎಚ್‌ಡಿ2 ಅಳೆದುಕೊಳ್ಳುವುದು) ಇದಾದ ಮೇಲೆ ಹೊಸದಾಗಿ ಮಾಡಿ, ಅದೇ ವಿಷುವದ್ವೃತ್ತದ ಬಳಿ. ಒಂದು ದಿಕ್ಕಿಗೆ ಸುಮಾರು 12 ಹೆಜ್ಜೆ ಬರುವಂತೆ. ಗೈಡ್ ಎಕ್ಸ್‌ಪೋಷರ್ 2 ಸೆಕೆಂಡ್ ಇಡಿ. ಅರ್ಧ ಸೆಕೆಂಡ್ ಇಟ್ಟರೆ ವಾತಾವರಣದಿಂದಾಗುವ ನಕ್ಷತ್ರದ ನಡುಕವನ್ನೇ ಮೌಂಟ್ ಬೆನ್ನಟ್ಟುತ್ತದೆ.

ಚಳಿಗಾಲದಲ್ಲಿ ಗೈಡಿಂಗ್ ಮೊದಲು ಸರಿಯಿದ್ದು, ಹೊತ್ತು ಹೋದಂತೆ ನಕ್ಷತ್ರ ಮಂಕಾಗಿ ಕಳೆದುಹೋದರೆ ಸೆಟ್ಟಿಂಗ್ ಬದಲಿಸಲು ಹೋಗಬೇಡಿ, ಗೈಡ್ ಸ್ಕೋಪ್‌ನ ಮಸೂರಕ್ಕೆ ಟಾರ್ಚ್ ಬಿಟ್ಟು ನೋಡಿ: ಇಬ್ಬನಿ ಕೂತಿರುತ್ತದೆ. ಮುಖ್ಯ ದೂರದರ್ಶಕಕ್ಕೆ ಮಾತ್ರವಲ್ಲ, ಗೈಡ್ ಸ್ಕೋಪ್‌ಗೂ ಡ್ಯೂ ಹೀಟರ್ ಪಟ್ಟಿ ಸುತ್ತಿ, ಇಬ್ಬನಿ ಬೀಳುವ ಮೊದಲೇ ಚಾಲು ಮಾಡಿ.