ಹಮ್ಮಿಂಗ್ ಬಂತೆಂದು ಅರ್ಥ್ ಪಿನ್ ಕತ್ತರಿಸಬೇಡಿ

ಪ್ರಶ್ನೆ: ಸರ್, ಲ್ಯಾಪ್‌ಟಾಪಿನ ಹೆಡ್‌ಫೋನ್ ಜ್ಯಾಕಿನಿಂದ ಆಂಪ್ಲಿಫೈಯರ್‌ಗೆ ಕೇಬಲ್ ಎಳೆದಿದ್ದೇನೆ. ಚಾರ್ಜರ್ ಹಾಕಿದ ಕೂಡಲೇ ಸ್ಪೀಕರಿನಲ್ಲಿ ಗುಂಯ್ ಎಂದು ಸದ್ದು, ಕಿತ್ತರೆ ಮಾಯ. ಆಂಪ್ಲಿಫೈಯರ್ ಪ್ಲಗ್ಗಿನ ಅರ್ಥ್ ಪಿನ್ ತೆಗೆದರೆ ಸರಿಹೋಗುತ್ತದೆ ಎಂದು ಅಂಗಡಿಯವರು ಹೇಳುತ್ತಾರೆ. ತೆಗೆಯಲೇ, ಇಲ್ಲ ಯುಎಸ್‌ಬಿ ಡ್ಯಾಕ್ (ಕಂಪ್ಯೂಟರಿನ ಡಿಜಿಟಲ್ ಹಾಡನ್ನು ಆಂಪ್ಲಿಫೈಯರ್‌ಗೆ ಬೇಕಾದ ಸಿಗ್ನಲ್ ಮಾಡಿ ಕೊಡುವ ಡಬ್ಬಿ) ಕೊಳ್ಳಲೇ?
– ಓದುಗರು, ತಿಪಟೂರು

ಉತ್ತರ: ತೆಗೆಯಬೇಡಿ. ಈ ಪ್ರಶ್ನೆ ಜಿಲ್ಲೆಯ ಯಾವ ತಾಲ್ಲೂಕಿನಿಂದ ಬಂದರೂ ಜೊತೆಗೆ ಅದೇ ಕೆಟ್ಟ ಸಲಹೆಯೂ ಬಂದಿರುತ್ತದೆ. ಓದಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನನ್ನ ಮೇಜಿಗೆ ರಿಪೇರಿಗೆ ಬರುವ ಆಂಪ್ಲಿಫೈಯರ್‌ಗಳಲ್ಲಿ ಎಷ್ಟೋ ಪ್ಲಗ್ಗುಗಳಿಗೆ ಮೇಲಿನ ದಪ್ಪ ಪಿನ್ನೇ ಇರುವುದಿಲ್ಲ. ಗರಗಸ ಆಡಿಸಿದ ಕಡೆ ಹಿತ್ತಾಳೆ ಇನ್ನೂ ಹೊಳೆಯುತ್ತಿರುತ್ತದೆ. ಪ್ಲಗ್ ಬಿಚ್ಚಿದರೆ ಹಸಿರು ವೈರನ್ನು ಹಿಂದಕ್ಕೆ ಮಡಚಿ ಟೇಪ್ ಸುತ್ತಿರುತ್ತಾರೆ. ಇಷ್ಟು ಮಾಡಿದವನು ತನ್ನನ್ನು ಮೆಕ್ಯಾನಿಕ್ ಎಂದು ಕರೆದುಕೊಳ್ಳಬಾರದು.

ಆ ಪಿನ್ ಏಕಿದೆ ಎಂದು ಕೇಳಿ. ಒಳಗಿನ ಫೇಸ್ ವೈರ್ ಸವೆದು ಕ್ಯಾಬಿನೆಟ್ಟಿಗೆ ತಾಗಿದರೆ ಕರೆಂಟ್ ಅರ್ಥಿಗೆ ನುಗ್ಗಿ ಫ್ಯೂಸ್ ಹಾರುತ್ತದೆ. ಪಿನ್ ಇಲ್ಲದಿದ್ದರೆ ಯಾವ ಫ್ಯೂಸೂ ಹಾರುವುದಿಲ್ಲ. ಕ್ಯಾಬಿನೆಟ್ 230 ವೋಲ್ಟ್ ಹೊತ್ತು ಸುಮ್ಮನೆ ಕೂತಿರುತ್ತದೆ, ಹಾಡೂ ಬರುತ್ತಿರುತ್ತದೆ. ಆಡಿಯೋ ಕೇಬಲ್ಲಿನ ಹೊರ ಜಾಲರಿ ಕ್ಯಾಬಿನೆಟ್ಟಿಗೆ ಸೇರಿರುವುದರಿಂದ ಅದೇ ವೋಲ್ಟೇಜ್ ನಿಮ್ಮ ಲ್ಯಾಪ್‌ಟಾಪಿನ ಲೋಹದ ಮೈಗೂ ಬರುತ್ತದೆ. ಗಣೇಶನ ಪೆಂಡಾಲಿನಲ್ಲಿ, ಮಳೆ ಬಿದ್ದ ನೆಲದ ಮೇಲೆ ಬರಿಗಾಲಲ್ಲಿ ನಿಂತ ಹುಡುಗರು ಇಂಥ ಆಂಪ್ಲಿಫೈಯರ್‌ಗೆ ಕೈ ಹಾಕುವುದನ್ನು ನೋಡಿದರೆ ನನ್ನ ಎದೆ ಝಲ್ಲೆನ್ನುತ್ತದೆ.

ಇನ್ನು ಸದ್ದಿನ ಮೂಲ. ಲ್ಯಾಪ್‌ಟಾಪ್ ಚಾರ್ಜರ್ ಎಸ್‌ಎಂಪಿಎಸ್ ಬಗೆಯದು, ಅಂದರೆ ಕರೆಂಟನ್ನು ಅತಿ ವೇಗವಾಗಿ ಆನ್-ಆಫ್ ಮಾಡಿ ವೋಲ್ಟೇಜ್ ಇಳಿಸುವಂಥದ್ದು. ಅದರ ಫಿಲ್ಟರ್ ಕೆಪ್ಯಾಸಿಟರ್ ಮೂಲಕ ಅತಿ ಸಣ್ಣ ಕರೆಂಟ್ ಸದಾ ಸೋರುತ್ತಿರುತ್ತದೆ. ಅದಕ್ಕೇ ಎರಡು ಪಿನ್ನಿನ ಚಾರ್ಜರ್ ಹಾಕಿದಾಗ ಕೆಲವು ಲ್ಯಾಪ್‌ಟಾಪುಗಳ ಮೈ ಜುಮ್ ಎನ್ನುವುದು. ಅಲ್ಲಿ ಅರ್ಥ್ ಸಿಗದ ಆ ಕರೆಂಟ್ ಆಡಿಯೋ ಕೇಬಲ್ಲಿನ ಜಾಲರಿ ಹಿಡಿದು ಆಂಪ್ಲಿಫೈಯರ್‌ನ ಅರ್ಥಿಗೆ ಹೋಗುತ್ತದೆ. ಎರಡೂ ಕಡೆ ಮೂರು ಪಿನ್ ಇದ್ದು, ಬೇರೆ ಬೇರೆ ಬೋರ್ಡಿಗೆ ಹಾಕಿದ್ದರೆ ತೊಂದರೆ ಇನ್ನೊಂದು ಬಗೆಯದು: ಎರಡು ಅರ್ಥಿನ ಮಟ್ಟ ಒಂದೇ ಇರುವುದಿಲ್ಲ, ಮಟ್ಟ ಬೇರೆಯಾದ ಎರಡು ತೊಟ್ಟಿಗಳ ನಡುವಿನ ಪೈಪಿನಂತೆ ಜಾಲರಿಯಲ್ಲಿ ಕರೆಂಟ್ ಹರಿಯುತ್ತದೆ. ನಮ್ಮ ಮೇನ್ಸ್ 50 ಹರ್ಟ್ಸ್. ಅದೂ ಅದರ ಎರಡು, ಮೂರು ಪಟ್ಟುಗಳೂ ಸೇರಿ ಆ ಗುಂಯ್ ಆಗುತ್ತದೆ.

ಈಗ ಪರೀಕ್ಷೆ ಮಾಡಿ. ಆಂಪ್ಲಿಫೈಯರ್‌ಗೆ ಯಾವ ಕೇಬಲ್ಲೂ ಇಲ್ಲದಾಗಲೂ ಸದ್ದಿದ್ದರೆ ಅದು ಆಂಪ್ಲಿಫೈಯರ್‌ನ ಒಳಗಿನ ದೋಷ, ಹೆಚ್ಚಾಗಿ ಪವರ್ ಸಪ್ಲೈಯ ಫಿಲ್ಟರ್ ಕೆಪ್ಯಾಸಿಟರ್ ಒಣಗಿರುತ್ತದೆ. ಲ್ಯಾಪ್‌ಟಾಪಿಗೆ ಕೈ ಹಚ್ಚಬೇಡಿ. ಅದೇ ಆಂಪ್ಲಿಫೈಯರ್‌ಗೆ ಟಿವಿಯೂ ಸೇರಿದ್ದರೆ ಟಿವಿಯ ಹಿಂದಿನ ಕೇಬಲ್ ಅಥವಾ ಡಿಶ್ ವೈರ್ ಒಮ್ಮೆ ಕಿತ್ತು ನೋಡಿ. ಬಹಳ ಮನೆಗಳಲ್ಲಿ ಸದ್ದು ಬರುವುದು ಅಲ್ಲಿಂದಲೇ, ಬೈಗುಳ ತಿನ್ನುವುದು ಮಾತ್ರ ಕಂಪ್ಯೂಟರ್. ನಿಮ್ಮಲ್ಲಿ ಚಾರ್ಜರ್ ಕಿತ್ತರೆ ನಿಲ್ಲುತ್ತದೆ ಎಂದಿದ್ದೀರಿ, ಹಾಗಾಗಿ ದಾರಿ ಸ್ಪಷ್ಟ.

ಮೊದಲು ಚಾರ್ಜರ್, ಆಂಪ್ಲಿಫೈಯರ್ ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿ. ಎಷ್ಟೋ ಸಲ ಇದರಲ್ಲೇ ಮುಗಿಯುತ್ತದೆ, ಖರ್ಚೂ ಇಲ್ಲ. ಆಮೇಲೆ ಮನೆಯ ಅರ್ಥಿಂಗ್ ನೋಡಿಸಿ. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇರುತ್ತದೆ, ಮೂರನೆಯದಕ್ಕೆ ವೈರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ ಮೀಟರ್ ಹಿಡಿದಾಗ ಫೇಸ್ ಮತ್ತು ಅರ್ಥಿನ ನಡುವೆ ಸುಮಾರು 230, ನ್ಯೂಟ್ರಲ್ ಮತ್ತು ಅರ್ಥಿನ ನಡುವೆ ಒಂದೆರಡು ವೋಲ್ಟ್ ಅಷ್ಟೇ ಬರಬೇಕು. ಟೆಸ್ಟರ್ ದೀಪ ನೋಡಿ ‘ಅರ್ಥ್ ಚೆನ್ನಾಗಿದೆ’ ಎನ್ನುವವನನ್ನು ನಂಬಬೇಡಿ. ನಮ್ಮ ಬಯಲುಸೀಮೆಯಲ್ಲಿ ಬೇಸಿಗೆಗೆ ಅರ್ಥಿಂಗ್ ಗುಂಡಿ ಒಣಗಿಹೋಗುತ್ತದೆ. ಉಪ್ಪು, ಇದ್ದಿಲು ಹಾಕಿಸಿ ಮರೆತರೆ ಆಗದು, ಆಗಾಗ ನೀರು ಹೊಯ್ಯಬೇಕು.

ಇಷ್ಟಾದರೂ ಸದ್ದು ಉಳಿದರೆ ಗ್ರೌಂಡ್ ಲೂಪ್ ಐಸೊಲೇಟರ್ ಹಾಕಿ. ಕಾರ್ ಸ್ಟೀರಿಯೋ ಅಂಗಡಿಗಳಲ್ಲಿ ಸಿಗುತ್ತದೆ. ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ. ಹಾಡು ದಾಟುತ್ತದೆ, ಜಾಲರಿಯ ಸಂಪರ್ಕ ಕಡಿಯುತ್ತದೆ. ತೀರಾ ಅಗ್ಗದ್ದರಲ್ಲಿ ಬಾಸ್ ಸೊರಗುತ್ತದೆ, ಅದು ತಿಳಿದಿರಲಿ. ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಇನ್‌ಪುಟ್ ಇದ್ದರೆ ನನ್ನ ಆಯ್ಕೆ ಅದೇ. 1983ರಲ್ಲಿ ತೋಷಿಬಾ ತಂದ ಟಾಸ್‌ಲಿಂಕ್ ಕೇಬಲ್ಲಿನಲ್ಲಿ ಹೋಗುವುದು ಬೆಳಕು, ತಾಮ್ರದ ಎಳೆಯೇ ಇಲ್ಲ, ಹಮ್ಮಿಂಗಿಗೆ ದಾರಿಯೇ ಇಲ್ಲ. ಲ್ಯಾಪ್‌ಟಾಪಿನಲ್ಲಿ ಆಪ್ಟಿಕಲ್ ಇರದಿದ್ದರೆ ಯುಎಸ್‌ಬಿಯಿಂದ ಆಪ್ಟಿಕಲ್ ಕೊಡುವ ಡಬ್ಬಿ ತನ್ನಿ.

ಡ್ಯಾಕ್ ವಿಷಯ. ‘ಡ್ಯಾಕ್ ಹಾಕಿ, ಹಮ್ಮಿಂಗ್ ಹೋಗುತ್ತೆ’ ಎಂದು ಮಾರುವುದು ತಪ್ಪು. ಯುಎಸ್‌ಬಿ ಕೇಬಲ್ಲಿನಲ್ಲೂ ಗ್ರೌಂಡ್ ವೈರ್ ಇದೆ, ಅದೇ ಕರೆಂಟ್ ಅಲ್ಲಿಂದಲೂ ಬರುತ್ತದೆ. ಮೌಸ್ ಸರಿಸಿದಾಗ ಚಿರಚಿರ ಎನ್ನುವುದು, ಹಾಡಿಲ್ಲದಾಗ ಸುಯ್ ಎನ್ನುವುದು, ಇವು ಕಂಪ್ಯೂಟರಿನ ಸೌಂಡ್ ಚಿಪ್ಪಿನ ಕಾಟವಾಗಿದ್ದರೆ ಡ್ಯಾಕ್ ಕೆಲಸಕ್ಕೆ ಬರುತ್ತದೆ. ಸಾಧಾರಣದ್ದು ಸಾಕು. ಸಿಡಿಯದು 16 ಬಿಟ್, 44.1 ಕಿಲೋಹರ್ಟ್ಸ್, ಅದನ್ನು ಶುದ್ಧವಾಗಿ ನುಡಿಸಿದರೆ ಮನೆಗೆ ಅಷ್ಟೇ ಬೇಕಾದದ್ದು.

ಪ್ರಶ್ನೆ: ಕಂಪ್ಯೂಟರನ್ನು ಫೋನೋ ಎಂದು ಬರೆದ ಸಾಕೆಟ್ಟಿಗೆ ಕೊಟ್ಟೆ, ಸದ್ದು ಒಡೆಯುತ್ತಿದೆ. – ಮಧುಗಿರಿ
ಉತ್ತರ: ಅದು ರೆಕಾರ್ಡ್ ಪ್ಲೇಯರಿನದು, ಬಲು ಸಣ್ಣ ಸಿಗ್ನಲ್ಲನ್ನು ಸುಮಾರು ನೂರು ಪಟ್ಟು ಹಿಗ್ಗಿಸುತ್ತದೆ. ಈಗಲೇ ಕಿತ್ತು ಆಕ್ಸ್ ಎಂದು ಬರೆದ ಸಾಕೆಟ್ಟಿಗೆ ಹಾಕಿ.

ಪ್ರಶ್ನೆ: ಚಿನ್ನದ ಲೇಪದ ದುಬಾರಿ ಕೇಬಲ್? – ಕುಣಿಗಲ್
ಉತ್ತರ: ಬೇಡ. ಗಟ್ಟಿ ಬೆಸುಗೆ, ಒಳ್ಳೆಯ ಜಾಲರಿ, ಬೇಕಾದಷ್ಟೇ ಉದ್ದ. ಮಿಕ್ಕ ಹಣ ಸ್ಪೀಕರಿಗೆ ಹಾಕಿ.

ಪ್ರಶ್ನೆ: ಬ್ಲೂಟೂತ್ ಸಾಕಲ್ಲವೇ? – ಗುಬ್ಬಿ
ಉತ್ತರ: ಹಾಡಿಗೆ ಸಾಕು. ಕೀಬೋರ್ಡ್ ನುಡಿಸುವುದಕ್ಕೆ, ಎಡಿಟಿಂಗಿಗೆ ಬೇಡ, ಸದ್ದು ತಡವಾಗಿ ಬರುತ್ತದೆ.

ಪ್ರಶ್ನೆ: ವಾಲ್ಯೂಮ್ ಎಲ್ಲಿ ಏರಿಸಬೇಕು, ಕಂಪ್ಯೂಟರಿನಲ್ಲೋ ಆಂಪ್ಲಿಫೈಯರ್‌ನಲ್ಲೋ? – ಕೊರಟಗೆರೆ
ಉತ್ತರ: ಕಂಪ್ಯೂಟರ್ ಪೂರ್ತಿ ಇಡಿ, ಒಡೆದರೆ ಒಂದಿಷ್ಟು ಇಳಿಸಿ. ಉಳಿದದ್ದು ಆಂಪ್ಲಿಫೈಯರ್‌ನಲ್ಲಿ.

ಪ್ರಶ್ನೆ: ಕರೆಂಟ್ ಹೋಗಿ ಯುಪಿಎಸ್ ಮೇಲೆ ಓಡುವಾಗ ಮಾತ್ರ ಬರ್ರ್ ಎನ್ನುತ್ತದೆ. – ಪಾವಗಡ
ಉತ್ತರ: ನಿಮ್ಮದು ಸ್ಕ್ವೇರ್ ವೇವ್ ಯುಪಿಎಸ್ ಇರಬೇಕು, ಅದರ ಕರೆಂಟಿನ ಅಲೆ ಮೇನ್ಸಿನಂತೆ ನುಣುಪಾಗಿರದೆ ಚೌಕಾಕಾರವಾಗಿರುತ್ತದೆ. ಯಾವ ಕೇಬಲ್ ಬದಲಿಸಿದರೂ ಹೋಗದು, ಸೈನ್ ವೇವ್ ಆಗಬೇಕು.

ಪ್ರಶ್ನೆ: ಡಬ್ಬಿಯ ಮೇಲೆ 3000 ವ್ಯಾಟ್ ಪಿಎಂಪಿಒ ಎಂದಿದೆ, ನನ್ನ ಹಾಲಿಗೆ ಜಾಸ್ತಿಯಾದೀತೇ? – ಶಿರಾ
ಉತ್ತರ: ಪಿಎಂಪಿಒ ಎಂದರೆ ಕ್ಷಣಮಾತ್ರದ ಗರಿಷ್ಠದ ಹೆಸರಿನಲ್ಲಿ ಬರೆಯುವ ಜಾಹೀರಾತಿನ ಅಂಕಿ. ಅದರ ಅಡಾಪ್ಟರ್ ತಿರುಗಿಸಿ ಓದಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಒಳಗೆ ಹೋಗುವುದೇ 24 ವ್ಯಾಟ್. ಅದಕ್ಕಿಂತ ಹೆಚ್ಚನ್ನು ಅದು ಎಡೆಬಿಡದೆ ಹೊರಗೆ ಕೊಡಲಾರದು. ಕೊಳ್ಳುವಾಗ ಆರ್‌ಎಂಎಸ್, ಅಂದರೆ ಎಡೆಬಿಡದೆ ಕೊಡಬಲ್ಲ ವ್ಯಾಟ್, ಎಷ್ಟು ಎಂದು ಕೇಳಿ. ಹೇಳದಿದ್ದರೆ ಅಂಗಡಿ ಬದಲಿಸಿ.