ಈ ವಾರ ನಮ್ಮ ತರಗತಿಯಲ್ಲಿ: ರ, ಗ, ಸ, ದ, ಅ

ಈ ವರ್ಷ ಮಂಗಳೂರಿನ ಸರಕಾರಿ ಶಾಲೆಯಲ್ಲಿ ಒಂದನೇ ತರಗತಿಗೆ ಸೇರಿದ ನಿಮ್ಮ ಮಗಳಿಗೆ ಸೆಪ್ಟೆಂಬರ್ ಬಂದರೂ ಅ ಆ ಇ ಈ ಬರೆಯಲು ಬರುತ್ತಿಲ್ಲ, ಕೇಳಿದರೆ "ಕಾರ್ಡಿನಲ್ಲಿ ಆಡಿದೆವು" ಎನ್ನುತ್ತಾಳೆ, ಹಾಗಾದರೆ ಪ್ರಾಥಮಿಕ ಶಾಲೆಯ ಮಕ್ಕಳು ಈ ವಾರ ತರಗತಿಯಲ್ಲಿ ಕಲಿಯುತ್ತಿರುವುದಾದರೂ ಏನು ಎಂದು ಕೇಳಿದ್ದೀರಿ. ನಾನು ಉಡುಪಿ ಜಿಲ್ಲೆಯಲ್ಲಿ, ಕಟಪಾಡಿಗೆ ಹತ್ತಿರದ ಒಂದು ಕಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕಿ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ನನ್ನ ಕೊಠಡಿಯಲ್ಲಿ ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಅಲ್ಲಿ ಈ ವಾರ ನಡೆದದ್ದನ್ನೇ ಹೇಳಿದರೆ ನಿಮ್ಮ ಆತಂಕ ಸ್ವಲ್ಪ ಇಳಿಯಬಹುದು.

ನಿಮ್ಮ ಮಗಳು ಹೇಳುವ ಕಾರ್ಡುಗಳು ನಲಿಕಲಿಯವು, ಅಂದರೆ ಆಡುತ್ತಾ ಕಲಿಯುವ ಪದ್ಧತಿಯವು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಇಂಥದ್ದೇ ಪ್ರಯೋಗವನ್ನು ಕಂಡು ಬಂದ ಶಿಕ್ಷಕರು ಯುನಿಸೆಫ್ ನೆರವಿನಿಂದ ಆರಂಭಿಸಿದ ಈ ಪದ್ಧತಿ ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಬಂತು. ಇದರಲ್ಲಿ ಅಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವುದಿಲ್ಲ. ಮೊದಲು ಬರುವುದು ರ, ಗ, ಸ, ದ, ಅ. ಇವು ದುಂಡಗಿನ, ಒಂದನ್ನೊಂದು ಹೋಲುವ ಆಕೃತಿಗಳಾದ್ದರಿಂದ ಎಳೆಯ ಕೈಗೆ ಸುಲಭವಾಗಿ ಒಗ್ಗುತ್ತವೆ. ಅದಕ್ಕಿಂತ ದೊಡ್ಡ ಲಾಭವೆಂದರೆ, ಈ ಐದೇ ಅಕ್ಷರ ಗೊತ್ತಿರುವ ಮಗು ಸರ, ದರ, ಅರಸ, ಅಗಸ ಎಂಬ ಪದಗಳನ್ನು ತಾನಾಗಿಯೇ ಓದುತ್ತದೆ. ಅ ಆ ಇ ಈ ನಾಲ್ಕನ್ನೂ ಬಾಯಿಪಾಠ ಮಾಡಿದ ಮಗುವಿಗೆ ಓದಲು ಅಂಥದ್ದೊಂದು ಪದವೂ ಸಿಗುವುದಿಲ್ಲ.

ಮಂಗಳವಾರ ನಮ್ಮ ಒಂದನೇ ತರಗತಿಯ ಹುಡುಗಿಯೊಬ್ಬಳು ತಟ್ಟೆಯಿಂದ ಕಾರ್ಡು ತೆಗೆದುಕೊಂಡು ಹೋಗಿ, ನೆಲದ ಮೇಲೆ ಕುಳಿತು, ಪ್ರತಿ ಅಕ್ಷರದ ಕೆಳಗೂ ಬೆರಳಿಟ್ಟು "ಗ... ರ... ಗ... ಸ" ಎಂದು ನಿಧಾನವಾಗಿ ಹೇಳಿದಳು. ಇನ್ನೊಮ್ಮೆ ಹೇಳಿದಳು. ಮೂರನೆಯ ಸಲ ನಾಲ್ಕು ಅಕ್ಷರಗಳೂ ಕೂಡಿಕೊಂಡು ಪದವಾದಾಗ ಅವಳು ತಲೆ ಎತ್ತಿ ನನ್ನನ್ನು ನೋಡಿ, "ಟೀಚರ್, ಅಪ್ಪನ ಹತ್ತಿರ ಇದೆ!" ಎಂದಳು. ಅವಳ ತಂದೆ ಬಡಗಿ. ಅವಳ ನೋಟ್‌ಬುಕ್ಕಿನಲ್ಲಿ ಆ ದಿನ ಬರೆದದ್ದು ಒಂದೇ ಸಾಲು, ಆದರೆ ಅವಳು ಓದಲು ಕಲಿತದ್ದು ಆ ದಿನವೇ.

ನಿಮ್ಮ ಮನೆಮಾತು ತುಳು ಎಂದಿದ್ದೀರಿ, ನಮ್ಮ ಶಾಲೆಯ ಹೆಚ್ಚಿನ ಮಕ್ಕಳದ್ದೂ ಅದೇ. ಎರಡನೇ ತರಗತಿಯ ಹುಡುಗನೊಬ್ಬ ಗುರುವಾರ "ಇಲ್ಲ" ಎಂಬ ಪದವನ್ನು ಸರಿಯಾಗಿ ಓದಿ, ಅದರ ಪಕ್ಕದಲ್ಲಿ ಮಾಡು, ಬಾಗಿಲು, ಕಿಟಕಿ ಎಲ್ಲವೂ ಇರುವ ಮನೆಯ ಚಿತ್ರ ಬಿಡಿಸಿದ. ತುಳುವಿನಲ್ಲಿ ಇಲ್ಲ್ ಎಂದರೆ ಮನೆಯೇ ತಾನೆ! ನಾನು ಅದನ್ನು ಅಳಿಸಲು ಹೇಳಲಿಲ್ಲ. ಕನ್ನಡದ "ಇಲ್ಲ"ಕ್ಕೆ ನಿಮ್ಮಲ್ಲಿ ಏನೆನ್ನುತ್ತೀರಿ ಎಂದು ಕೇಳಿದಾಗ ಹತ್ತು ಮಕ್ಕಳು ಒಟ್ಟಿಗೆ "ಇಜ್ಜಿ" ಎಂದರು, ಆ ಎರಡು ಪದಗಳು ಹಲಗೆಯ ಮೇಲೆ ಸಂಜೆಯವರೆಗೂ ಉಳಿದವು. ದಯವಿಟ್ಟು ಮಗಳ ಓದಿಗಾಗಿ ಮನೆಯಲ್ಲಿ ತುಳು ಬಿಡಬೇಡಿ. ಮನೆಮಾತಿನಲ್ಲಿ ಗಟ್ಟಿಯಾಗಿ ಮಾತನಾಡುವ ಮಕ್ಕಳು ಕನ್ನಡವನ್ನೂ ಬೇಗ ಹಿಡಿಯುವುದನ್ನು ನಾನು ವರ್ಷವರ್ಷವೂ ಕಾಣುತ್ತಿದ್ದೇನೆ.

ಮೂರನೇ ತರಗತಿಯವರಿಗೆ ಈ ವಾರ ವ್ಯವಕಲನ. ಹಿಡಿಸೂಡಿಗೆ ಬಳಸುವ ತೆಂಗಿನ ಗರಿಯ ಕಡ್ಡಿಗಳನ್ನು ಗೇಣುದ್ದಕ್ಕೆ ಕತ್ತರಿಸಿ, ಹತ್ತು ಹತ್ತರ ಕಟ್ಟು ಕಟ್ಟಿ ಇಟ್ಟುಕೊಂಡಿದ್ದೇವೆ. 52ರಿಂದ 27 ಕಳೆಯಬೇಕಾದರೆ ಐದು ಕಟ್ಟು ಮತ್ತು ಎರಡು ಬಿಡಿ ಕಡ್ಡಿಗಳು ಎದುರಿಗಿರುತ್ತವೆ. ಎರಡರಲ್ಲಿ ಏಳು ತೆಗೆಯಲಾಗದು, ಆದ್ದರಿಂದ ಮಗು ಒಂದು ಕಟ್ಟಿನ ದಾರವನ್ನು ತಾನೇ ಬಿಚ್ಚುತ್ತದೆ. ಈಗ ಬಿಡಿ 12, ಕಟ್ಟು 4. "ಪಕ್ಕದ ಮನೆಯಿಂದ ಸಾಲ ತರುವುದು" ಎಂದು ಇದನ್ನು ಹೇಳಿಕೊಡುವ ರೂಢಿ ಇದೆ, ನನಗೆ ಅದು ಒಪ್ಪಿಗೆಯಿಲ್ಲ, ಏಕೆಂದರೆ ಇಲ್ಲಿ ಯಾರೂ ಏನನ್ನೂ ಮರಳಿ ಕೊಡುವುದಿಲ್ಲ, ಇದ್ದ ಹತ್ತನ್ನೇ ಬಿಡಿಯಾಗಿ ಎಣಿಸಿಕೊಳ್ಳುತ್ತೇವೆ. ದಾರ ಬಿಚ್ಚಿದ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾಲ್ಕು ಮತ್ತು ಐದನೇ ತರಗತಿಯವರು ಪಕ್ಕದ ಕೊಠಡಿಯಲ್ಲಿ ಗುಣಾಕಾರ ಮಾಡುತ್ತಿದ್ದಾರೆ. ಮಲ್ಲಿಗೆಗೆ ಹೆಸರಾದ ಶಂಕರಪುರ ನಮಗೆ ಹತ್ತಿರವಾದ್ದರಿಂದ ಅವರ ಲೆಕ್ಕವೂ ಮಲ್ಲಿಗೆಯದ್ದೇ: 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ಹಾಗಾದರೆ ಅಟ್ಟೆಗೆ ಎಷ್ಟು ಹೂವು? ಬೆಳಗ್ಗೆ ಅಮ್ಮನ ಜೊತೆ ಬಾಳೆನಾರಿನಲ್ಲಿ ಹೂ ಕಟ್ಟಿ ಶಾಲೆಗೆ ಬರುವ ಮಕ್ಕಳು, ಹಲಗೆಯಲ್ಲಿ ಸೊನ್ನೆ ಬರೆಯುವ ಮೊದಲೇ 3200 ಎಂದುಬಿಟ್ಟರಂತೆ. ಜುಲೈಯ ಮಳೆ ರಜೆಗಳನ್ನು ಸರಿದೂಗಿಸಲು ಶನಿವಾರ ಮಧ್ಯಾಹ್ನವೂ ತರಗತಿ ಇತ್ತು, ಹೆಚ್ಚಿನ ಹೊತ್ತು ಪುನರಾವರ್ತನೆಗೇ ಹೋಯಿತು.

ಮಗಳು ಸಂಜೆ ಬಂದಾಗ "ಏನು ಬರೆದೆ" ಎಂದು ಕೇಳುವ ಬದಲು "ಇವತ್ತು ಯಾವ ಕಾರ್ಡು" ಎಂದು ಕೇಳಿ ನೋಡಿ. ಪ್ರತಿ ಕಾರ್ಡಿನಲ್ಲೂ ಒಂದು ಗುರುತಿನ ಚಿತ್ರವಿರುತ್ತದೆ, ಮಕ್ಕಳು ಅದನ್ನು ಮರೆಯುವುದಿಲ್ಲ. ಕಲಿಯಬೇಕಾದ ಹಂತಗಳನ್ನು ಒಂದರ ಮೇಲೊಂದು ಮೆಟ್ಟಿಲಾಗಿ ತೋರಿಸುವ ಕಲಿಕಾ ಏಣಿಯಲ್ಲಿ ಅವಳು ಯಾವ ಮೆಟ್ಟಿಲಲ್ಲಿದ್ದಾಳೆ ಎಂದು ಅವಳ ಶಿಕ್ಷಕರಲ್ಲಿ ಕೇಳುವುದಕ್ಕೂ ಸಂಕೋಚ ಬೇಡ. ಪಕ್ಕದಲ್ಲಿ ಕುಳಿತ ಮಗು ಬೇರೆ ಮೆಟ್ಟಿಲಲ್ಲಿದ್ದರೆ ಅದರಲ್ಲಿ ಗಾಬರಿಪಡುವಂಥದ್ದೇನೂ ಇಲ್ಲ, ಏಣಿ ಇರುವುದೇ ಅದಕ್ಕಾಗಿ. ಈ ಐದು ಅಕ್ಷರ ಮುಗಿದ ಮೇಲೆ ಜ, ವ, ಮ, ಬ, ನ ಬರುತ್ತವೆ. ಆಗ ಅವಳು ಮರ, ವನ, ಜನ ಎಂದು ಓದುತ್ತಾಳೆ. ಅಂಗಡಿಯ ಫಲಕದಲ್ಲೋ ಬಸ್ಸಿನ ಬೋರ್ಡಿನಲ್ಲೋ ತನಗೆ ಗೊತ್ತಿರುವ ಅಕ್ಷರ ಕಂಡು ಅವಳು ನಿಂತರೆ, ಅವಳ ಓದು ಮುಗಿಯುವವರೆಗೆ ನೀವೂ ಜೊತೆಗೆ ನಿಲ್ಲಿ.